ಹೈಬ್ರಿಡ್ ಕಾರಿಗೆ ಪ್ರೋತ್ಸಾಹಧನ, ಹೈಬ್ರಿಡ್ ಜೋಳಕ್ಕೆ ಭಿಕ್ಷೆ



ಹೈಬ್ರಿಡ್ ಅನ್ನೋ ಮಾತು ನಮಗೆ ಹೊಸದೇನಲ್ಲ. ಅರವತ್ತರ ದಶಕದಲ್ಲಿ ಹೈಬ್ರಿಡ್ ಜೋಳ ಬಂತು. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಂತು. ಹೆಚ್ಚು ಬೆಳೆಯಿರಿ ಎಂದರು, ಬೆಳೆದೆವು. ಬೀಜ ಕೊಂಡೆವು, ಗೊಬ್ಬರ ಕೊಂಡೆವು, ಔಷಧಿ ಕೊಂಡೆವು, ಸೊಸೈಟಿಯಲ್ಲಿ ಸಾಲ ಎತ್ತಿದೆವು. ಬೆಳೆ ಏರಿದ ವರ್ಷವೇ ಬೆಲೆ ಇಳಿಯಿತು. ಸಾಲ ಮಾತ್ರ ಇಳಿಯಲಿಲ್ಲ. ಹೈಬ್ರಿಡ್ ಬೀಜದ ಕತೆ ನಮ್ಮ ಮಟ್ಟಿಗೆ ಇಷ್ಟೇ.

ಈಗ ಇನ್ನೊಂದು ಹೈಬ್ರಿಡ್ ಬಂದಿದೆ. ಅದು ಕಾರು. ಇದರ ಕತೆಯೇ ಬೇರೆ. ಈ ಹೈಬ್ರಿಡ್ಡನ್ನು ಕೊಳ್ಳುವವನಿಗೆ ಸರ್ಕಾರವೇ ಖಜಾನೆಯಿಂದ ಹಣ ಕೊಟ್ಟಿತು. ಹೊರದೇಶದ ಕಾರು ಬಂದು ಇಲ್ಲಿನ ಬೆಲೆ ಕೆಡಿಸದ ಹಾಗೆ ಬಂದರಿನಲ್ಲಿ ಸುಂಕದ ಗೋಡೆ ಕಟ್ಟಿತು. ಕಾರ್ಖಾನೆ ನಮ್ಮಲ್ಲಿಗೆ ಬನ್ನಿ, ನಮ್ಮಲ್ಲಿಗೆ ಬನ್ನಿ ಎಂದು ರಾಜ್ಯ ರಾಜ್ಯಗಳೇ ಪೈಪೋಟಿಗೆ ಬಿದ್ದವು. ಇಷ್ಟಾದ ಮೇಲೂ ಆ ಕಾರಿನ ಬೆಲೆ ಎಷ್ಟೆಂದು ಹೇಳುವ ಹಕ್ಕು ಕಾರು ಮಾಡಿದವನ ಕೈಯಲ್ಲೇ ಉಳಿಯಿತು.

ರೈತರ ಪತ್ರಿಕೆಯಲ್ಲಿ ಕಾರಿನ ವಿಷಯ ಯಾಕಪ್ಪಾ ಅಂತ ಕೆಲವರು ಕೇಳಬಹುದು. ಒಂದೇ ಸರ್ಕಾರ, ಒಂದೇ ಖಜಾನೆ. ಒಬ್ಬನಿಗೆ ಹಣ ಕೊಟ್ಟಾಗ ಅದಕ್ಕೆ 'ಪ್ರೋತ್ಸಾಹಧನ' ಎಂದು ಹೆಸರಿಡುತ್ತಾರೆ, ಇನ್ನೊಬ್ಬನಿಗೆ ಕೊಟ್ಟಾಗ 'ಬೊಕ್ಕಸಕ್ಕೆ ಹೊರೆ' ಅಂತಾರೆ. ಈ ಎರಡು ಹೆಸರುಗಳ ನಡುವಿನ ಲೆಕ್ಕ ತಿಳಿಯದೆ ನಾವು ವೈಜ್ಞಾನಿಕ ಬೆಲೆ ಕೇಳಲು ಹೋದರೆ, ಭಿಕ್ಷೆ ಬೇಡಲು ಬಂದವರ ಹಾಗೆ ಕಾಣುತ್ತೇವೆ. ಆದ್ದರಿಂದ ಮೊದಲು ಕಾರಿನವರ ಲೆಕ್ಕ ನೋಡೋಣ, ಆಮೇಲೆ ನಮ್ಮದು.

ಕಾರಿನ ಲೆಕ್ಕ

ಹೈಬ್ರಿಡ್ ಕಾರು ಅಂದರೆ ಒಂದು ನೊಗಕ್ಕೆ ಎರಡು ಎತ್ತು ಕಟ್ಟಿದ ಹಾಗೆ. ಪೆಟ್ರೋಲ್ ಎಂಜಿನ್ನು ಒಂದು ಎತ್ತು, ವಿದ್ಯುತ್ ಮೋಟಾರು ಇನ್ನೊಂದು. ಬ್ರೇಕ್ ಒತ್ತಿದಾಗ ಸುಮ್ಮನೆ ವ್ಯರ್ಥವಾಗುವ ಶಕ್ತಿಯನ್ನು ಹಿಡಿದು ಬ್ಯಾಟರಿ ತುಂಬಿಕೊಳ್ಳುತ್ತದೆ. ನಿಧಾನಕ್ಕೆ ಹೋಗುವಾಗ ಮೋಟಾರು ಎಳೆಯುತ್ತದೆ, ಜೋರು ಬೇಕಾದಾಗ ಎಂಜಿನ್ನು ಸೇರಿಕೊಳ್ಳುತ್ತದೆ. ಇದರಿಂದ ಪೆಟ್ರೋಲು ಉಳಿಯುತ್ತದೆ, ಅದು ಸುಳ್ಳಲ್ಲ. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಹೊರಗಿಂದ ಬರುತ್ತದೆ. ಪೆಟ್ರೋಲು ಉಳಿಸುವ ಯಂತ್ರವನ್ನು ಇಲ್ಲೇ ಮಾಡಲಿ ಎಂದು ಸರ್ಕಾರ ಬಯಸಿದರೆ ಅದನ್ನು ನಾವು ತಪ್ಪು ಅನ್ನುವುದಿಲ್ಲ. ನಮ್ಮ ಜಗಳ ಕಾರಿನ ಮೇಲಲ್ಲ, ಅಳತೆಯ ಮೇಲೆ.

ಈ ಕಾರು ದೂರದ ಊರಿನದೂ ಅಲ್ಲ. ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 1999ರಿಂದ ಕಾರು ಮಾಡುತ್ತಿದೆ. ಅಲ್ಲೇ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಿಸಲು ಶುರುಮಾಡಿದರು. 2022ರಿಂದ ಹೈರೈಡರ್, ಇನ್ನೋವಾ ಹೈಕ್ರಾಸ್ ಎಂಬ ಹೈಬ್ರಿಡ್ ಕಾರುಗಳೂ ಅಲ್ಲಿಂದಲೇ ಹೊರಬಂದವು.

2015ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ 'ಫೇಮ್' ಎಂಬ ಯೋಜನೆ ತಂದಿತು. ಹೈಬ್ರಿಡ್ ಮತ್ತು ವಿದ್ಯುತ್ ವಾಹನಗಳನ್ನು ಬೇಗ ತಯಾರಿಸಿ, ಬೇಗ ಬಳಕೆಗೆ ತರುವುದು ಅದರ ಉದ್ದೇಶ. ಕಂಪನಿ ಗಿರಾಕಿಗೆ ಬೆಲೆ ಇಳಿಸಿ ಮಾರಬೇಕು, ಇಳಿಸಿದ ಹಣವನ್ನು ಸರ್ಕಾರದಿಂದ ವಸೂಲು ಮಾಡಿಕೊಳ್ಳಬೇಕು. ಆಗ 30 ಲಕ್ಷ ರೂಪಾಯಿ ಮೀರಿದ ಬೆಲೆಯ ಕ್ಯಾಮ್ರಿ ಹೈಬ್ರಿಡ್ ಕಾರಿಗೆ ಸಿಕ್ಕಿದ್ದು 70,000 ರೂಪಾಯಿ. ಒಂದು ಕಾರಿಗೆ, ಒಂದೇ ಸಲಕ್ಕೆ.

ಇದನ್ನು ನಮ್ಮ ಮನೆಯ ಲೆಕ್ಕಕ್ಕೆ ಇಳಿಸಿ ನೋಡಿ. 2019ರಿಂದ ರೈತನ ಖಾತೆಗೆ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತು ಮಾಡಿ ಹಾಕುತ್ತಿದ್ದಾರೆ. ಕಿಸಾನ್ ಸಮ್ಮಾನ್ ಅಂತ ಅದರ ಹೆಸರು, ಅಂದರೆ ರೈತನಿಗೆ ಗೌರವ. 30 ಲಕ್ಷದ ಕಾರು ಕೊಂಡ ಧಣಿಗೆ ಒಂದೇ ದಿನದಲ್ಲಿ ಸಿಕ್ಕಿದ ಹಣ ನಿಮ್ಮ ಖಾತೆಗೆ ಬಂದು ಸೇರಬೇಕಾದರೆ ಹನ್ನೊಂದು ವರ್ಷ ದಾಟಬೇಕು. ಕಾರು ಕೊಂಡವನನ್ನು 'ಫಲಾನುಭವಿ' ಎಂದು ಯಾರೂ ಕರೆಯಲಿಲ್ಲ. ಆಧಾರ್ ಜೋಡಿಸು, ಕೆವೈಸಿ ಮಾಡಿಸು ಎಂದು ಯಾರೂ ಅವನನ್ನು ಸಾಲಿನಲ್ಲಿ ನಿಲ್ಲಿಸಲಿಲ್ಲ.

ಇದೇ ಯೋಜನೆಯಲ್ಲಿ ಇನ್ನೂ ಒಂದು ತಮಾಷೆ ನಡೆಯಿತು. 'ಮೈಲ್ಡ್ ಹೈಬ್ರಿಡ್' ಅಂತ ಒಂದು ಜಾತಿ ಇದೆ. ಅದರಲ್ಲಿ ಮೋಟಾರು ಎಂಜಿನ್ನಿಗೆ ಸ್ವಲ್ಪ ಒತ್ತಾಸೆ ಕೊಡುತ್ತದೆಯೇ ಹೊರತು, ತಾನೊಂದೇ ಗಾಲಿ ತಿರುಗಿಸಲಾರದು. ನೊಗಕ್ಕೆ ಹೆಗಲು ಕೊಡದೆ ಪಕ್ಕದಲ್ಲಿ ನಡೆದು ಬರುವ ಕರುವಿನ ಹಾಗೆ. ಇಂಥ ಡೀಸೆಲ್ ಕಾರುಗಳಿಗೂ ಒಂದೊಂದಕ್ಕೆ 13,000 ರೂಪಾಯಿಯಂತೆ ಸರ್ಕಾರ ಕೊಟ್ಟಿತು. ಎರಡು ವರ್ಷ ಕೊಟ್ಟ ಮೇಲೆ, ಇದರಲ್ಲಿ ಹೈಬ್ರಿಡ್ ಎಲ್ಲಿದೆ ಎಂಬ ಪ್ರಶ್ನೆ ಎದ್ದು 2017ರ ಏಪ್ರಿಲ್‌ನಿಂದ ನಿಲ್ಲಿಸಿದರು. ಕೊಟ್ಟ ಹಣ ಕೊಟ್ಟೇ ಹೋಯಿತು. ಸುಳ್ಳು ದಾಖಲೆ ಕೊಟ್ಟಿದ್ದೀಯ ಎಂದು ನೋಟೀಸು ಕಳಿಸಿ ವಾಪಸು ಕಟ್ಟಿಸಿಕೊಳ್ಳುವ ಪದ್ಧತಿ ಸಮ್ಮಾನದ ಹಣ ತೆಗೆದುಕೊಂಡ ರೈತನಿಗೆ ಇದೆ.

ನ್ಯಾಯವಾಗಿ ಇನ್ನೊಂದು ಪಕ್ಕವನ್ನೂ ಹೇಳಬೇಕು. ನಮಗೆಲ್ಲಿ ಸಬ್ಸಿಡಿ, ನಾವೇ ತೆರಿಗೆ ಕಟ್ಟಿ ಸಾಕಾಗಿದ್ದೇವೆ ಎಂದು ಹೈಬ್ರಿಡ್ ಕಂಪನಿಯವರು ಹೇಳುತ್ತಾರೆ. ಅದರಲ್ಲಿ ಸತ್ಯವೂ ಇದೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ದೊಡ್ಡ ಹೈಬ್ರಿಡ್ ಕಾರಿನ ಮೇಲೆ ಶೇಕಡಾ 28 ತೆರಿಗೆ, ಅದರ ಮೇಲೆ ಶೇಕಡಾ 15 ಸೆಸ್ಸು, ಒಟ್ಟು 43 ಬಿತ್ತು. ಬರೀ ಬ್ಯಾಟರಿಯ ಕಾರಿಗೆ 2019ರ ಆಗಸ್ಟಿನಿಂದ ಶೇಕಡಾ 5 ಮಾತ್ರ. ಅಲ್ಲಿಂದ ಹೈಬ್ರಿಡ್ ಕಂಪನಿಗಳು ಒಂದು ಕಡೆ, ವಿದ್ಯುತ್ ಕಾರಿನ ಕಂಪನಿಗಳು ಇನ್ನೊಂದು ಕಡೆ ನಿಂತು ಸರ್ಕಾರದ ಎರಡು ಕಿವಿಯಲ್ಲೂ ಹೇಳುತ್ತಲೇ ಬಂದವು. 2024ರ ಜುಲೈಯಲ್ಲಿ ಉತ್ತರ ಪ್ರದೇಶ ಸರ್ಕಾರ ಹೈಬ್ರಿಡ್ ಕಾರಿನ ನೋಂದಣಿ ತೆರಿಗೆಯನ್ನು ಪೂರ್ತಿ ಬಿಟ್ಟುಕೊಟ್ಟಿತು. ಕೂಡಲೇ ವಿದ್ಯುತ್ ಕಾರಿನವರು ತಕರಾರು ತೆಗೆದರು. ಕೊನೆಗೆ 2025ರ ಸೆಪ್ಟೆಂಬರ್ 22ರಿಂದ ಸೆಸ್ಸು ಹೋಯಿತು. ಸಣ್ಣ ಹೈಬ್ರಿಡ್ಡಿಗೆ ಶೇಕಡಾ 18, ದೊಡ್ಡದಕ್ಕೆ 40 ಆಯಿತು. ಅದೇ ದಿನ ಟ್ರ್ಯಾಕ್ಟರಿನ ತೆರಿಗೆಯೂ 12ರಿಂದ 5ಕ್ಕೆ ಇಳಿಯಿತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಕಾರ್ಖಾನೆಯವನು ಉಕ್ಕಿನ ಮೇಲೆ, ಟೈರಿನ ಮೇಲೆ ಕೊಟ್ಟ ಜಿಎಸ್‌ಟಿಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾನೆ. ರೈತ ಟ್ರ್ಯಾಕ್ಟರಿಗೆ, ಗೊಬ್ಬರಕ್ಕೆ ಕೊಟ್ಟಿದ್ದು ಹೋದ ಹಾಗೆಯೇ. ರಾಗಿಗೆ ಜಿಎಸ್‌ಟಿ ಇಲ್ಲ ಎಂದು ಅವರು ಹೇಳುವ ಔದಾರ್ಯದ ಒಳಗುಟ್ಟು ಇದು.

ಇನ್ನು ತಯಾರಿಕೆಗೆ ಕೊಡುವ ಹಣದ ವಿಷಯ. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ವಾಹನ ಉದ್ಯಮಕ್ಕೆ 25,938 ಕೋಟಿ ರೂಪಾಯಿಯ ಉತ್ಪಾದನಾ ಪ್ರೋತ್ಸಾಹಧನ ಮಂಜೂರು ಮಾಡಿತು. ಬ್ಯಾಟರಿ ತಯಾರಿಕೆಗೆ ಅದೇ ವರ್ಷ ಮೇ ತಿಂಗಳಲ್ಲಿ 18,100 ಕೋಟಿ. ವಾಹನದ ಈ ಹಣದಲ್ಲಿ ಹೈಬ್ರಿಡ್ ಕಾರಿಗೆ ಪಾಲಿಲ್ಲ, ಬ್ಯಾಟರಿಯ ಕಾರಿಗೆ ಮತ್ತು ಜಲಜನಕದ ಕಾರಿಗೆ ಮಾತ್ರ ಇದೆ. ಅದರ ಹಂಚಿಕೆಯ ರೀತಿಯನ್ನು ಪ್ರತಿಯೊಬ್ಬ ರೈತನೂ ಬಾಯಿಪಾಠ ಮಾಡಬೇಕು. ಕಂಪನಿ ಎಷ್ಟು ಹೆಚ್ಚು ಮಾರುತ್ತದೋ ಅಷ್ಟು ಹೆಚ್ಚು ಹಣ. ವಾಹನ ಮಾಡುವವನಿಗೆ, ಹೆಚ್ಚಾದ ಮಾರಾಟದ ಮೌಲ್ಯದಲ್ಲಿ ಶೇಕಡಾ 13ರಿಂದ 18. ಅರ್ಧದಷ್ಟು ಮೌಲ್ಯವಾದರೂ ಈ ದೇಶದಲ್ಲೇ ಹುಟ್ಟಿರಬೇಕು ಎಂಬುದು ಷರತ್ತು.

ಹೆಚ್ಚು ಉತ್ಪಾದಿಸಿದವನಿಗೆ ಹೆಚ್ಚು ಹಣ! ಈ ಮಾತನ್ನು ಕೋಲಾರದ ಟೊಮೇಟೊ ಮಂಡಿಯಲ್ಲಿ ನಿಂತು ಹೇಳಿ ನೋಡಿ, ನಗುತ್ತಾರೆ. ನಾವು ಹೆಚ್ಚು ಬೆಳೆದ ವರ್ಷ ರಸ್ತೆಗೆ ಸುರಿದು ಬರುತ್ತೇವೆ.

ಅದೇ ಅಳತೆಯನ್ನು ಕಲಬುರಗಿಯ ತೊಗರಿಗೆ ಹಾಕೋಣ. ಕ್ವಿಂಟಾಲಿಗೆ 8,000 ರೂಪಾಯಿ ಎಂದು ಹಿಡಿದರೆ, ಶೇಕಡಾ 13ಕ್ಕೆ 1,040 ರೂಪಾಯಿ, ಶೇಕಡಾ 18ಕ್ಕೆ 1,440 ರೂಪಾಯಿ ಆಗುತ್ತದೆ. 2024–25ರ ಹಂಗಾಮಿನಲ್ಲಿ ತೊಗರಿಗೆ ಕೇಂದ್ರದ ಬೆಂಬಲ ಬೆಲೆ 7,550 ಇತ್ತು. ಬೀದಿಗಿಳಿದು ಕೂಗಿದ ಮೇಲೆ ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಮಾಡಿತು. ಅದೂ ಖರೀದಿ ಕೇಂದ್ರದಲ್ಲಿ ತೂಗಿಸಿದವನಿಗೆ ಮಾತ್ರ. ಕಾರಿನ ಅಳತೆಗೂ ತೊಗರಿಯ ಅಳತೆಗೂ ಇರುವ ಅಂತರ ಇಷ್ಟು.

ನಮ್ಮ ಲೆಕ್ಕ

ಈಗ ಬಂದರಿನ ಸುಂಕಕ್ಕೆ ಬನ್ನಿ, ಅಸಲು ಆಟ ಇರುವುದು ಅಲ್ಲೇ. ಹೊರದೇಶದಲ್ಲಿ ಪೂರ್ತಿ ತಯಾರಾದ ಕಾರು ಇಲ್ಲಿಗೆ ಬರಬೇಕಾದರೆ ವರ್ಷಗಟ್ಟಲೆ ಶೇಕಡಾ 60ರಿಂದ 100ರವರೆಗೆ ಸುಂಕ ತೆರಬೇಕಿತ್ತು. 2025ರ ಜುಲೈಯಲ್ಲಿ ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಅದರಲ್ಲಿ ಕಾರಿನ ಸುಂಕ ಇಳಿಸಲು ಒಪ್ಪಿದರು. ಹೇಗೆ ಒಪ್ಪಿದರು ನೋಡಿ: ವರ್ಷಕ್ಕೆ ಇಷ್ಟೇ ಕಾರು ಎಂದು ಲೆಕ್ಕ ಕಟ್ಟಿ, ಹಂತ ಹಂತವಾಗಿ, ವರ್ಷ ವರ್ಷಕ್ಕೆ ಸ್ವಲ್ಪ ಸ್ವಲ್ಪ. ಯಾಕೆಂದರೆ ಇಲ್ಲಿನ ಕಾರ್ಖಾನೆಗೆ ಸುಧಾರಿಸಿಕೊಳ್ಳಲು ಸಮಯ ಬೇಕಲ್ಲ!

ತೊಗರಿಗೆ ಏನು ಮಾಡಿದರು? 2021ರ ಮೇ ತಿಂಗಳಲ್ಲಿ ಆಮದಿನ ಪ್ರಮಾಣದ ಮಿತಿ ತೆಗೆದರು. 2023ರ ಮಾರ್ಚಿನಲ್ಲಿ ಇದ್ದ ಶೇಕಡಾ 10ರ ಸುಂಕವನ್ನೂ ತೆಗೆದರು. ಆಮೇಲೆ ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿದರು. ಅದೇ ವರ್ಷ ಡಿಸೆಂಬರಿನಲ್ಲಿ ಹಳದಿ ಬಟಾಣಿಗೂ ಬಾಗಿಲು ತೆರೆದರು. ಆಫ್ರಿಕಾದ ತೊಗರಿ, ಬರ್ಮಾದ ತೊಗರಿ, ಕೆನಡಾದ ಬಟಾಣಿ ಬಂದರಿನಲ್ಲಿ ಇಳಿಯಿತು. ಕಲಬುರಗಿ ರೈತನಿಗೆ ಸುಧಾರಿಸಿಕೊಳ್ಳಲು ಸಮಯ ಬೇಕು ಎಂದು ದೆಹಲಿಯಲ್ಲಿ ಯಾರೂ ಹೇಳಲಿಲ್ಲ. ಹತ್ತಿಯ ಮೇಲಿನ ಶೇಕಡಾ 11 ಆಮದು ಸುಂಕವನ್ನು 2025ರ ಆಗಸ್ಟಿನಲ್ಲಿ, ಹೊಲದಲ್ಲಿ ಹತ್ತಿ ನಿಂತಿರುವಾಗಲೇ ತೆಗೆದು ವರ್ಷದ ಕೊನೆಯವರೆಗೂ ಹಾಗೇ ಬಿಟ್ಟರು.

ಬೆಲೆ ಇಳಿದಾಗ ಆಮದು, ಬೆಲೆ ಏರಿದಾಗ ರಫ್ತು ಬಂದ್. 2023ರ ಜುಲೈಯಲ್ಲಿ ಬಿಳಿ ಅಕ್ಕಿಯ ರಫ್ತು ನಿಷೇಧ. ಡಿಸೆಂಬರಿನಲ್ಲಿ ಈರುಳ್ಳಿ ರಫ್ತು ನಿಷೇಧ. ಎರಡೂ ಆಮೇಲೆ ತೆರೆದವು, ನಿಜ. ಆದರೆ ನಡುವೆ ಕಳೆದುಹೋದ ಬೆಲೆಯನ್ನು ಯಾರು ಕಟ್ಟಿಕೊಟ್ಟರು? ದೇಶದಲ್ಲಿ ಕಾರಿನ ಬೆಲೆ ಏರಿದೆ, ಬಿಡದಿಯಿಂದ ಹೊರದೇಶಕ್ಕೆ ಕಾರು ಕಳಿಸಬೇಡಿ ಎಂದು ಸರ್ಕಾರ ಯಾವತ್ತಾದರೂ ಆಜ್ಞೆ ಹೊರಡಿಸಿದೆಯೇ? ಮಧ್ಯಮ ವರ್ಗಕ್ಕೆ ತೊಂದರೆಯಾಗುತ್ತದೆ, ಜಪಾನಿನಿಂದ ಸುಂಕವಿಲ್ಲದೆ ಕಾರು ತರಿಸುತ್ತೇವೆ ಎಂದು ಹೇಳಿದೆಯೇ?

ಇದು ಬರೀ ನಮ್ಮ ಹೊಟ್ಟೆಯುರಿಯ ಮಾತಲ್ಲ. ದೆಹಲಿಯ ಇಕ್ರಿಯರ್ ಎಂಬ ಸಂಶೋಧನಾ ಸಂಸ್ಥೆಯೂ, ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯೂ ಸೇರಿ 2018ರಲ್ಲಿ ಒಂದು ವರದಿ ಕೊಟ್ಟವು. 2000ದಿಂದ 2016ರವರೆಗಿನ ಲೆಕ್ಕ ಹಾಕಿದವು. ಗೊಬ್ಬರದ ಸಬ್ಸಿಡಿ, ಕರೆಂಟಿನ ಸಬ್ಸಿಡಿ, ನೀರಿನ ಸಬ್ಸಿಡಿ ಎಲ್ಲವನ್ನೂ ಕೂಡಿಸಿದವು. ರಫ್ತು ನಿರ್ಬಂಧದಿಂದ, ಮಾರುಕಟ್ಟೆ ಕಟ್ಟಳೆಗಳಿಂದ ರೈತ ಕಳೆದುಕೊಂಡ ಬೆಲೆಯನ್ನು ಕಳೆದವು. ಕೊನೆಗೆ ಉಳಿದದ್ದು ಕೂಡುವ ಲೆಕ್ಕವಲ್ಲ, ಕಳೆಯುವ ಲೆಕ್ಕ. ಸರ್ಕಾರದ ನೀತಿಗಳಿಂದಾಗಿ ಭಾರತದ ರೈತರ ಒಟ್ಟು ಆದಾಯ ಸರಾಸರಿ ಶೇಕಡಾ 14ರಷ್ಟು ಕಡಿಮೆಯಾಗಿತ್ತು.

ಅಂದರೆ ಏನಾಯಿತು? ಬಲಗೈಯಲ್ಲಿ ಗೊಬ್ಬರದ ಸಬ್ಸಿಡಿ ಕೊಟ್ಟರು, ಎಡಗೈಯಲ್ಲಿ ಅದಕ್ಕಿಂತ ಹೆಚ್ಚು ಕಿತ್ತುಕೊಂಡರು. ಸಬ್ಸಿಡಿ ತಿನ್ನುವವರು ನಾವಲ್ಲ, ಕೊಡುವವರು. ಪೇಟೆಯ ತಟ್ಟೆಗೆ ಅಗ್ಗದ ಬೇಳೆ ಬರುವಂತೆ ಮಾಡಿದ ಸಬ್ಸಿಡಿ ನಮ್ಮ ಹೊಲದಿಂದ ಹೋಯಿತು. ಅದಕ್ಕೇ ನಮ್ಮ ಚಳವಳಿ 1980ರ ನರಗುಂದ–ನವಲಗುಂದದ ದಿನಗಳಿಂದ ಒಂದು ಮಾತು ಹೇಳಿಕೊಂಡು ಬಂದಿದೆ. ರೈತನ ಸಾಲ ರೈತನ ಸೋಮಾರಿತನದಿಂದ ಹುಟ್ಟಿದ್ದಲ್ಲ, ಕೊಡದೆ ಉಳಿಸಿಕೊಂಡ ಬೆಲೆಯಿಂದ ಹುಟ್ಟಿದ್ದು. ಆ ಬಾಕಿ ಇರುವುದು ಸರ್ಕಾರದ ಕಡೆ.

ಆಸ್ಟ್ರೇಲಿಯಾದ ಪಾಠ

ಹಾಗಾದರೆ ಕಾರಿಗೆ ಕೊಟ್ಟ ಹಣ ದೇಶಕ್ಕೆ ಉಳಿಯುತ್ತದೆಯೇ? ಉಳಿಯಬಹುದು, ಉಳಿಯದೆಯೂ ಇರಬಹುದು. ಇದೇ ಟೊಯೋಟಾ, ಇದೇ ಕ್ಯಾಮ್ರಿ ಹೈಬ್ರಿಡ್ ಕಾರಿಗೆ ಇನ್ನೊಂದು ದೇಶದಲ್ಲಿ ನಡೆದದ್ದು ಕೇಳಿ.

2008ರ ಜೂನಿನಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಕೆವಿನ್ ರಡ್ ಜಪಾನಿಗೆ ಹೋಗಿ, ಮೆಲ್ಬರ್ನ್ ಹತ್ತಿರದ ಆಲ್ಟೋನಾ ಕಾರ್ಖಾನೆಯಲ್ಲಿ ಹೈಬ್ರಿಡ್ ಕ್ಯಾಮ್ರಿ ತಯಾರಿಸಲು ಮೂರೂವರೆ ಕೋಟಿ ಡಾಲರ್ ಕೊಡುವುದಾಗಿ ಘೋಷಿಸಿದರು. ಅದಕ್ಕೆಂದೇ 'ಹಸಿರು ಕಾರು ನಿಧಿ' ಕಟ್ಟಿದ್ದರು. ವಿಕ್ಟೋರಿಯಾ ರಾಜ್ಯ ಸರ್ಕಾರವೂ ತನ್ನ ಪಾಲು ಸೇರಿಸಿತು. ವರ್ಷಕ್ಕೆ 10,000 ಕಾರು ಎಂಬ ಲೆಕ್ಕ. 2009ರ ಡಿಸೆಂಬರಿನಲ್ಲಿ ಮೊದಲ ಕಾರು ಹೊರಬಂತು, ಪಟ ತೆಗೆಸಿಕೊಂಡರು. 2011ರ ಜನವರಿಯಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿ ಭಾರಿ ನೆರೆ ಬಂದಾಗ, ಕೊಚ್ಚಿಹೋದ ರಸ್ತೆ ಸೇತುವೆ ಕಟ್ಟಲು ಹಣ ಬೇಕೆಂದು ಮುಂದಿನ ಸರ್ಕಾರ ಆ ನಿಧಿಯನ್ನೇ ಮುಚ್ಚಿತು. 2014ರ ಫೆಬ್ರವರಿಯಲ್ಲಿ ಕಂಪನಿ ನಾವು ನಿಲ್ಲಿಸುತ್ತೇವೆ ಎಂದಿತು. 2017ರ ಅಕ್ಟೋಬರ್ 3ರಂದು ಆಲ್ಟೋನಾ ಕಾರ್ಖಾನೆಯ ಗೇಟು ಮುಚ್ಚಿತು. ಸುಮಾರು 2,600 ಜನರ ಕೆಲಸ ಹೋಯಿತು.

ಸಬ್ಸಿಡಿಯಿಂದ ಕಾರ್ಖಾನೆ ಮುಚ್ಚಿತು ಎಂದು ನಾನು ಹೇಳುತ್ತಿಲ್ಲ. ಅವರ ಡಾಲರಿನ ಬೆಲೆ ಏರಿತ್ತು, ಆಮದು ಸುಂಕ ಶೇಕಡಾ 5ಕ್ಕೆ ಇಳಿದಿತ್ತು, ಊರಿನ ಮಾರುಕಟ್ಟೆ ಸಣ್ಣದು. ಮಾಡಿದ ಖರ್ಚಿಗೆ ತಕ್ಕ ಬೆಲೆ ಹುಟ್ಟಲಿಲ್ಲ, ಮುಚ್ಚಿದರು, ಅಷ್ಟೇ. ಇದರಲ್ಲಿ ನಮಗೆ ಎರಡು ಪಾಠ ಇವೆ. ಮೊದಲನೆಯದು: ಬೆಲೆ ಗಿಟ್ಟದಿದ್ದರೆ ಮೇಲಿಂದ ಎಷ್ಟು ಅನುದಾನ ಸುರಿದರೂ ಉದ್ಯಮ ನಿಲ್ಲುವುದಿಲ್ಲ. ಟೊಯೋಟಾದಂಥ ಕುಬೇರನಿಗೇ ಇದು ಸಾಧ್ಯವಾಗದಿದ್ದ ಮೇಲೆ, ಎರಡು ಎಕರೆ ಜೋಳದ ರೈತ ವರ್ಷಕ್ಕೆ 6,000 ರೂಪಾಯಿಯಲ್ಲಿ ಹೇಗೆ ನಿಲ್ಲುತ್ತಾನೆ? ಎರಡನೆಯದು: ಕಂಪನಿ ನಷ್ಟ ಕಂಡರೆ ಗೇಟು ಮುಚ್ಚಿ ಬೇರೆ ದೇಶಕ್ಕೆ ಹೋಗುತ್ತದೆ. ರೈತ ಹೊಲ ಮುಚ್ಚಿ ಎಲ್ಲಿಗೆ ಹೋಗಬೇಕು? ಅವನು ಮುಂದಿನ ಮಳೆಗೆ ಮತ್ತೆ ಸಾಲ ತಂದು ಅದೇ ಹೊಲದಲ್ಲಿ ಬಿತ್ತುತ್ತಾನೆ.

ನಮ್ಮಲ್ಲೂ ಪೈಪೋಟಿ ಶುರುವಾಗಿದೆ. 2022ರ ಮೇ ತಿಂಗಳಲ್ಲಿ ಟೊಯೋಟಾ ಕೂಟ ಕರ್ನಾಟಕ ಸರ್ಕಾರದ ಜೊತೆ 4,800 ಕೋಟಿ ರೂಪಾಯಿ ಹೂಡಿಕೆಯ ಒಪ್ಪಂದ ಮಾಡಿಕೊಂಡಿತು. 2023ರ ನವೆಂಬರಿನಲ್ಲಿ ಬಿಡದಿಯಲ್ಲೇ ಇನ್ನೊಂದು ಘಟಕಕ್ಕೆ 3,300 ಕೋಟಿ, ಸುಮಾರು 2,000 ಕೆಲಸ ಎಂದಿತು. ಎಂಟು ತಿಂಗಳಾಗುವ ಹೊತ್ತಿಗೆ, 2024ರ ಜುಲೈ ಕೊನೆಯಲ್ಲಿ, ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದಲ್ಲಿ ಹೈಬ್ರಿಡ್ ಮತ್ತು ವಿದ್ಯುತ್ ಕಾರಿಗೆ 20,000 ಕೋಟಿಯ ಒಪ್ಪಂದ. ಯಾವ ರಾಜ್ಯ ಹೆಚ್ಚು ಬಿಟ್ಟುಕೊಡುತ್ತದೆ ಎಂದು ಕಂಪನಿ ಅಳೆದು ನೋಡುತ್ತದೆ. ವ್ಯಾಪಾರಿ ಬುದ್ಧಿ ಅದು, ತಪ್ಪಿಲ್ಲ. ನಮ್ಮ ರಾಜ್ಯದ 2025ರ ಕೈಗಾರಿಕಾ ನೀತಿಯಲ್ಲಿ ಉದ್ಯಮಿಗೆ ಆಯ್ಕೆಯೇ ಇದೆ: ಬೇಕಾದರೆ ಹೂಡಿದ ಬಂಡವಾಳಕ್ಕೆ ಸಬ್ಸಿಡಿ ತೆಗೆದುಕೊ, ಇಲ್ಲವಾದರೆ ವಹಿವಾಟಿಗೆ ತಕ್ಕ ಪ್ರೋತ್ಸಾಹಧನ ತೆಗೆದುಕೊ. ರೈತನನ್ನು ಕೂರಿಸಿಕೊಂಡು, ನಿನಗೆ ಯಾವುದು ಅನುಕೂಲ ಎಂದು ಕೇಳಿದ ಕೃಷಿ ನೀತಿ ಯಾವುದಿದೆ?

ಕೆಲಸದ ಮಾತು ಎತ್ತಿದರೆ ಕೆಲವರು ನಮ್ಮ ಬಾಯಿ ಮುಚ್ಚಿಸಲು ನೋಡುತ್ತಾರೆ. ನಿಮ್ಮ ಮಕ್ಕಳೇ ಅಲ್ಲವೇ ಅಲ್ಲಿ ದುಡಿಯುವವರು ಅಂತಾರೆ. ಹೌದು, ನಮ್ಮ ಮಕ್ಕಳೇ. ಅವರ ಕೆಲಸ ಉಳಿಯಲಿ ಎಂದೇ ಷರತ್ತು ಕೇಳುತ್ತಿದ್ದೇವೆ. 2020ರ ನವೆಂಬರಿನಲ್ಲಿ ಬಿಡದಿಯ ಅದೇ ಕಾರ್ಖಾನೆಯಲ್ಲಿ ಕಾರ್ಮಿಕರ ವಿವಾದ ಎದ್ದು ಬೀಗಮುದ್ರೆಯಾಯಿತು. ಅದು ಬಗೆಹರಿಯಲು ಮರುವರ್ಷದ ಮಾರ್ಚಿನವರೆಗೆ ಹಿಡಿಯಿತು. ಉದ್ಯೋಗದ ಹೆಸರಿನಲ್ಲಿ ಸಾರ್ವಜನಿಕರ ಹಣ ಹೋಗುವುದಾದರೆ, ಎಷ್ಟು ಜನ ಕಾಯಂ, ಎಷ್ಟು ಜನ ಗುತ್ತಿಗೆ, ಎಷ್ಟು ಜನ ಸುತ್ತಲಿನ ಹಳ್ಳಿಯವರು ಎಂದು ಕೇಳುವ ಹಕ್ಕು ಸಾರ್ವಜನಿಕರಿಗೆ ಇದ್ದೇ ಇದೆ.

ಕಬ್ಬಿನವರಿಗೆ ತೋರಿಸಿದ ಆಸೆ

ಹೈಬ್ರಿಡ್ ಕಾರಿನ ವಿಷಯದಲ್ಲಿ ನಮ್ಮ ಕಬ್ಬಿನವರಿಗೆ ಬೇರೆ ಒಂದು ಆಸೆ ತೋರಿಸಿದ್ದಾರೆ. 2023ರ ಆಗಸ್ಟ್ 29ರಂದು ದೆಹಲಿಯಲ್ಲಿ ಸಚಿವ ನಿತಿನ್ ಗಡ್ಕರಿ ಅವರು ಎಥೆನಾಲಿನಲ್ಲಿ ಓಡುವ ಇನ್ನೋವಾ ಹೈಬ್ರಿಡ್ ಕಾರಿನ ಮಾದರಿಯನ್ನು ಬಿಡುಗಡೆ ಮಾಡಿದರು. ಅನ್ನದಾತ ಇನ್ನು ಇಂಧನದಾತನಾಗುತ್ತಾನೆ, ಪೆಟ್ರೋಲಿಗೆ ಹೋಗುವ ಹಣ ರೈತನ ಮನೆಗೆ ಬರುತ್ತದೆ ಎಂಬ ಮಾತು ಕೇಳಲು ಇಂಪಾಗಿದೆ.

ಅದಾದ ನೂರು ದಿನಕ್ಕೆ, ಡಿಸೆಂಬರ್ 7ರಂದು, ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಬೇಡಿ ಎಂದು ಅದೇ ಸರ್ಕಾರ ಆಜ್ಞೆ ಮಾಡಿತು. ಸಕ್ಕರೆ ಬೆಲೆ ಏರೀತು ಎಂಬ ಭಯ. ಆಮೇಲೆ ಸಡಿಲಿಸಿದರು. ಇಂಧನದಾತನ ಪಟ್ಟ ಪೇಟೆಯ ಸಕ್ಕರೆ ಡಬ್ಬಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಗೊತ್ತಾಯಿತು. ಕಬ್ಬಿನ ಹಾಲಿನ ಎಥೆನಾಲಿಗೆ ಸರ್ಕಾರ 2022–23ರಲ್ಲಿ ಕಟ್ಟಿದ ಬೆಲೆ ಲೀಟರಿಗೆ 65 ರೂಪಾಯಿ 61 ಪೈಸೆ. ಮುಂದಿನ ಎರಡು ಹಂಗಾಮಿನಲ್ಲೂ ಅದು ಕದಲಲಿಲ್ಲ. ಎಥೆನಾಲಿನ ಬೆಲೆ ಏರಿಲ್ಲ ಎಂದು ಕಾರ್ಖಾನೆ ಕೈ ಎತ್ತುತ್ತದೆ, ಬೆಲೆ ಕಟ್ಟಿದ್ದು ದೆಹಲಿ ಎಂದು ಬೆಂಗಳೂರು ಕೈ ಎತ್ತುತ್ತದೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ರೈತರು ಟನ್ನಿಗೆ 3,500 ಕೇಳಿ ದಿನಗಟ್ಟಲೆ ರಸ್ತೆಯಲ್ಲಿ ಕೂತರು. ಕೊನೆಗೆ ಸರ್ಕಾರ 3,300 ಎಂದಿತು. ಬೆಲೆಗಾಗಿ ಹೆದ್ದಾರಿಯಲ್ಲಿ ಕೂತ ಕಾರು ಕಂಪನಿಯ ಮಾಲೀಕನನ್ನು ನೀವು ಕಂಡಿದ್ದೀರಾ?

ಎಥೆನಾಲ್ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಲೀಟರಿನಲ್ಲಿ ಕಬ್ಬಿನವನ ಪಾಲೆಷ್ಟು ಎಂದು ಬರೆದು ಕೊಡುವವರೆಗೆ, ಹೈಬ್ರಿಡ್ ಕಾರಿನ ಮೆರವಣಿಗೆಯಲ್ಲಿ ಕಬ್ಬು ಹಿಡಿದು ನಿಲ್ಲುವ ಕೆಲಸ ನಮಗೆ ಬೇಡ.

ಏನು ಕೇಳಬೇಕು

ಕಾರಿನವರನ್ನು ಬೈದು ಮುಗಿಸಿದರೆ ನಮಗೆ ಏನೂ ಹುಟ್ಟುವುದಿಲ್ಲ, ಅವರಿಂದ ಕಲಿಯಬೇಕು. ಅವರು ಒಂದು ಇಟ್ಟಿಗೆ ಇಡುವ ಮೊದಲು ಭೂಮಿ, ನೀರು, ಕರೆಂಟು, ತೆರಿಗೆ, ಸುಂಕ ಎಲ್ಲದಕ್ಕೂ ಬರಹದಲ್ಲಿ ಭರವಸೆ ಪಡೆಯುತ್ತಾರೆ. ನಾವು ಬಿತ್ತಿ, ಕಳೆ ತೆಗೆದು, ಕೊಯ್ದು, ಮಂಡಿಗೆ ಹೊತ್ತುಕೊಂಡು ಹೋಗಿ ಆಮೇಲೆ ಎಷ್ಟು ಕೊಡ್ತೀರಿ ಅಂತೀವಿ. ಈ ಒಂದು ಅಭ್ಯಾಸ ತಿರುಗಿಸಬೇಕು. ಅದಕ್ಕೆ ನಮ್ಮ ಕೇಳಿಕೆಗಳು ಇವು:

ಒಂದು. ಬೆಂಬಲ ಬೆಲೆಗೆ ಕಾನೂನಿನ ಬಲ ಬೇಕು. ಸ್ವಾಮಿನಾಥನ್ ಅವರ ರೈತ ಆಯೋಗ 2006ರಲ್ಲೇ ಉತ್ಪಾದನಾ ವೆಚ್ಚದ ಮೇಲೆ ಅರ್ಧದಷ್ಟು ಸೇರಿಸಿ ಎಂದಿತು. ವೆಚ್ಚ ಅಂದರೆ ಗೊಬ್ಬರ ಬೀಜದ ಚೀಟಿ ಮತ್ತು ಮನೆಯವರ ಕೂಲಿ ಮಾತ್ರವಲ್ಲ. ಸ್ವಂತ ಭೂಮಿಯ ಬಾಡಿಗೆ, ಹಾಕಿದ ಬಂಡವಾಳದ ಬಡ್ಡಿ ಎರಡೂ ಸೇರಬೇಕು. ಯಾವ ಕಾರು ಕಂಪನಿಯೂ ಜಾಗದ ಖರ್ಚು, ಬಡ್ಡಿಯ ಖರ್ಚು ಬಿಟ್ಟು ಬೆಲೆ ಕಟ್ಟುವುದಿಲ್ಲ.

ಎರಡು. ಬಿತ್ತಿದ ಬೆಳೆ ಹೊಲದಲ್ಲಿರುವಾಗ ಆಮದು ಸುಂಕ ಇಳಿಸಕೂಡದು, ರಫ್ತು ಮುಚ್ಚಕೂಡದು. ಕಾರಿಗೆ ಹಂತ ಹಂತ, ತೊಗರಿಗೆ ರಾತ್ರೋರಾತ್ರಿ ಎಂಬ ಭೇದ ನಿಲ್ಲಬೇಕು.

ಮೂರು. ಯಾವ ಕಂಪನಿಗೆ ಎಷ್ಟು ಹಣ, ಎಷ್ಟು ತೆರಿಗೆ ಬಿಟ್ಟಿದೆ, ಎಷ್ಟು ಎಕರೆ ಕೊಟ್ಟಿದೆ, ಎಷ್ಟು ಕಾಯಂ ಕೆಲಸ ಸಿಕ್ಕಿದೆ ಎಂಬ ಪಟ್ಟಿಯನ್ನು ಭೂಮಿ ಕೊಟ್ಟ ಹಳ್ಳಿಯ ಪಂಚಾಯ್ತಿ ಗೋಡೆಗೆ ಪ್ರತಿವರ್ಷ ಅಂಟಿಸಬೇಕು. ಸಾಲ ಬಾಕಿದಾರ ರೈತನ ಹೆಸರನ್ನು ಬೋರ್ಡಿಗೆ ಬರೆಯಲು ಬಂದವರಿಗೆ ಇದೇನು ಕಷ್ಟವಲ್ಲ. ಮಾತಿಗೆ ತಪ್ಪಿದ ಕಂಪನಿ ಹಣವನ್ನು ಬಡ್ಡಿ ಸಮೇತ ವಾಪಸು ಕಟ್ಟಬೇಕು.

ನಾಲ್ಕು. ಕಾರ್ಖಾನೆಗೆ ಭೂಮಿ ಬೇಕಾದರೆ ರೈತನ ಒಪ್ಪಿಗೆಯಿಂದ, ಗುತ್ತಿಗೆಯ ಮೇಲೆ ತೆಗೆದುಕೊಳ್ಳಲಿ, ವರ್ಷ ವರ್ಷ ಬಾಡಿಗೆ ಕೊಡಲಿ. ಆಲ್ಟೋನಾದ ಹಾಗೆ ಒಂದು ದಿನ ಗೇಟು ಮುಚ್ಚಿದರೆ ಭೂಮಿ ಮೊದಲಿನ ಮನೆಗೆ ಬರಲಿ.

ಐದು. ಎಥೆನಾಲಿನ ಆದಾಯದಲ್ಲಿ ಕಬ್ಬು ಬೆಳೆದವನ ಪಾಲನ್ನು ಲೀಟರಿಗೆ ಇಷ್ಟು ಎಂದು ನಿಗದಿ ಮಾಡಲಿ, ಕಾರ್ಖಾನೆಯ ಲೆಕ್ಕಪುಸ್ತಕ ರೈತರ ಮುಂದೆ ತೆರೆಯಲಿ.

ಇದರಲ್ಲಿ ಒಂದು ಕೇಳಿಕೆಯಾದರೂ ಕಾರಿನವರಿಗೆ ಈಗಾಗಲೇ ಸಿಗದ ಹೊಸ ಸವಲತ್ತೇ? ಅಲ್ಲ. ಖರ್ಚಿನ ಮೇಲೆ ಬೆಲೆ, ಗಡಿಯಲ್ಲಿ ರಕ್ಷಣೆ, ಬರಹದಲ್ಲಿ ಭರವಸೆ ಎಲ್ಲವೂ ಅವರಿಗಿದೆ. ನಾವು ಕೇಳುತ್ತಿರುವುದು ಅದೇ ತಕ್ಕಡಿ, ಅದೇ ಕಲ್ಲು.

ಮುಂದಿನ ಗ್ರಾಮಸಭೆಗೆ ಈ ಲೇಖನವನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಓದುಬಾರದವರಿಗೆ ಓದಿ ಹೇಳಿ, ಐದು ಕೇಳಿಕೆಗಳನ್ನು ಠರಾವು ಮಾಡಿ ಬರೆಸಿ, ಕಾರ್ಯದರ್ಶಿಯಿಂದ ನಕಲು ತೆಗೆದುಕೊಳ್ಳಿ. ಮತ ಕೇಳಲು ಬಂದವನ ಮುಂದೆ ಆ ನಕಲು ಹಿಡಿಯಿರಿ. ಅವನು ಸಬ್ಸಿಡಿ ಹೆಚ್ಚಿಸ್ತೀನಿ ಅಂದರೆ, ಸಬ್ಸಿಡಿ ಬೇಡಪ್ಪಾ, ಕಾರಿಗೆ ಕಟ್ಟಿದ ಹಾಗೆ ಜೋಳಕ್ಕೂ ಬೆಲೆ ಕಟ್ಟು ಎಂದು ಹೇಳಿ.